ಇಂಗ್ಲೆಂಡಿನ ವಾರ್ಡಿನಿಂದ, ರಾಯಚೂರಿನ ತಂಗಿಯರಿಗೆ ಮತ್ತು ಆಸ್ಪತ್ರೆ ನಡೆಸುವವರಿಗೆ

ರಾಯಚೂರು, ಸಿಂಧನೂರು, ದೇವದುರ್ಗದ ಕಡೆ ನರ್ಸಿಂಗ್ ಓದುತ್ತಿರುವ ತಂಗಿಯರು ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನನ್ನು ಮೊದಲು ಕೇಳುವುದು ಇದನ್ನೇ: "ಅಕ್ಕಾ, ಅಲ್ಲಿ ಪಗಾರ ಎಷ್ಟ್ ಕೊಡ್ತಾರ?" ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ಅಂದರೆ ಎನ್‌ಎಚ್‌ಎಸ್‌ನಲ್ಲಿ, ನೋಂದಣಿಯಾದ ನರ್ಸ್ ಸೇರುವುದು ಬ್ಯಾಂಡ್ 5 ಎಂಬ ಪಗಾರದ ಶ್ರೇಣಿಗೆ. ಇಂಗ್ಲೆಂಡಿನಲ್ಲಿ 2025-26ರ ಆರಂಭದ ಪಗಾರ ವರ್ಷಕ್ಕೆ 31,049 ಪೌಂಡ್. ತೆರಿಗೆ, ಪಿಂಚಣಿ, ಬಾಡಿಗೆ ಹೋದಮೇಲೆ ಕೈಯಲ್ಲಿ ಉಳಿಯುವುದು ಊರಿನವರು ಲೆಕ್ಕ ಹಾಕಿದ್ದಕ್ಕಿಂತ ಬಹಳ ಕಡಿಮೆ. ಆದರೂ ಮನೆಯ ಸಾಲ ತೀರಿಸಬಹುದು. ನನ್ನನ್ನು ಇಲ್ಲಿಗೆ ಕರೆತಂದದ್ದು ಆ ಪಗಾರವೇ, ನಿಲ್ಲಿಸಿಕೊಂಡದ್ದು ಮಾತ್ರ ಬೇರೆ ಸಂಗತಿಗಳು. ನಮ್ಮೂರಿನ ಆಸ್ಪತ್ರೆ ನಡೆಸುವವರೂ ಓದಲಿ ಎಂದೇ ಅವನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಏಜೆಂಟರ ವಿಷಯ. ಇಂಗ್ಲೆಂಡ್ ಸರ್ಕಾರದ ನೇಮಕಾತಿ ಸಂಹಿತೆಯ ಪ್ರಕಾರ ಕೆಲಸ ಕೊಡಿಸುವುದಕ್ಕೆ ಅಭ್ಯರ್ಥಿಯಿಂದ ದುಡ್ಡು ಪಡೆಯುವಂತಿಲ್ಲ. ಸಂಹಿತೆ ಪಾಲಿಸುವ ಏಜೆನ್ಸಿಗಳ ಪಟ್ಟಿ ಎಲ್ಲರಿಗೂ ಸಿಗುವ ಹಾಗಿದೆ, ಹೆಸರು ಅದರಲ್ಲಿದೆಯೇ ನೋಡಿಕೊಳ್ಳಿ. ಕೇರ್ ವರ್ಕರ್ ವೀಸಾ, ಅಂದರೆ ವೃದ್ಧರನ್ನು, ಅಶಕ್ತರನ್ನು ನೋಡಿಕೊಳ್ಳುವ ಕೆಲಸದ ವೀಸಾ, ಹೊರದೇಶದಿಂದ ಹೊಸದಾಗಿ ಬರುವವರಿಗೆ 2025ರ ಜುಲೈ 22ಕ್ಕೇ ಮುಚ್ಚಿದೆ. ಈಗಲೂ ಅದನ್ನು ಕೊಡಿಸುತ್ತೇನೆ ಎನ್ನುವವರಿಗೆ ಹೊಲ ಒತ್ತೆಯಿಟ್ಟು ದುಡ್ಡು ಕೊಡಬೇಡಿರಮ್ಮ. ನರ್ಸ್‌ನ ದಾರಿ ಬೇರೆ: ಐಇಎಲ್‌ಟಿಎಸ್ ಅಥವಾ ಓಇಟಿ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಸಂದರ್ಶನ, ಇಲ್ಲಿಗೆ ಬಂದಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ.

ಓಸ್ಕಿಯಲ್ಲಿ ಹತ್ತು ಸ್ಟೇಷನ್, ಒಂದೊಂದರಲ್ಲೂ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಊರಲ್ಲಿ ನಾವು "ಅಜ್ಜಾ, ಕೈ ಚಾಚು" ಎಂದು ಬಿಪಿ ಪಟ್ಟಿ ಸುತ್ತಿಬಿಡುತ್ತಿದ್ದೆವು. ಇಲ್ಲಿ ಮೊದಲು ನಮ್ಮ ಹೆಸರು ಹೇಳಬೇಕು, ರೋಗಿಯ ಹೆಸರು, ಹುಟ್ಟಿದ ದಿನ ಕೇಳಿ ಮಣಿಕಟ್ಟಿನ ಪಟ್ಟಿಗೆ ತಾಳೆ ನೋಡಬೇಕು, ಅಲರ್ಜಿ ಕೇಳಬೇಕು, ಒಪ್ಪಿಗೆ ಪಡೆಯಬೇಕು, ಆಮೇಲೆ ಮುಟ್ಟಬೇಕು. ನನ್ನ ಆಸ್ಪತ್ರೆ ಇದಕ್ಕೆಂದೇ ಒಬ್ಬ ಶಿಕ್ಷಕಿಯನ್ನು ಇಟ್ಟಿತ್ತು. ತರಬೇತಿ ಕೋಣೆಯ ಗೊಂಬೆಯ ಮುಂದೆ ನಿಲ್ಲಿಸಿ, ತಪ್ಪಿದಲ್ಲೇ ತಡೆದು, ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದಳು. ಒಮ್ಮೆಯೂ ದನಿ ಏರಿಸಲಿಲ್ಲ. ಬ್ಯಾಂಕ್ ಖಾತೆ ತೆರೆಯಲು ಜೊತೆಗೆ ಬಂದಳು, ಅಕ್ಕಿ ಎಲ್ಲಿ ಸಿಗುತ್ತದೆಂದು ತೋರಿಸಿದಳು. ಪಾಸಾದ ಮೇಲೂ ಒಬ್ಬ ಹಿರಿಯ ನರ್ಸ್‌ನ ಜೊತೆ ತಿಂಗಳುಗಟ್ಟಲೆ ಜೋಡಿಸಿದರು. ಗೊತ್ತಾಗದ್ದನ್ನು ಹೆದರದೆ ಕೇಳಲು ಒಬ್ಬರಿದ್ದಾರೆ ಎನ್ನುವುದು ಹೊಸಬರಿಗೆ ಎಷ್ಟು ದೊಡ್ಡ ಬಲವೆಂದು ಅನುಭವಿಸಿದವರಿಗೇ ಗೊತ್ತು.

ಇನ್ನೊಂದು, ಡ್ಯೂಟಿ ಲಿಸ್ಟ್. ನನ್ನ ವಾರ್ಡಿನಲ್ಲಿ ಅದು ವಾರಗಳ ಮೊದಲೇ ಬರುತ್ತದೆ. ಯಾವ ದಿನ ನೈಟ್, ಯಾವ ದಿನ ರಜೆ ಎಂದು ತಿಳಿದಿದ್ದರೆ ಮಗುವಿನ ಶಾಲೆ, ಗಂಡನ ಕೆಲಸ, ನಿದ್ದೆ ಎಲ್ಲಕ್ಕೂ ಜಾಗವಾಗುತ್ತದೆ. ಸೇರಿದ ವರ್ಷವೇ 27 ದಿನ ರಜೆ, ಸಾರ್ವಜನಿಕ ರಜೆ ಬೇರೆ. ಐದು ವರ್ಷ ಕಳೆದರೆ 29, ಹತ್ತಕ್ಕೆ 33. ನಿಂತವರಿಗೆ ಹೀಗೆ ಏನಾದರೂ ಏರುತ್ತಾ ಹೋಗುತ್ತದೆ. ಹಗಲು ಒಬ್ಬ ನರ್ಸ್‌ಗೆ ಎಂಟಕ್ಕಿಂತ ಹೆಚ್ಚು ರೋಗಿಗಳಾದರೆ ಅಪಾಯ ಹೆಚ್ಚುತ್ತದೆ ಎಂದು ಚಿಕಿತ್ಸೆ, ಆರೈಕೆಗೆ ಮಾರ್ಗಸೂಚಿ ಬರೆಯುವ ಇಲ್ಲಿನ ನೈಸ್ ಸಂಸ್ಥೆ 2014ರಲ್ಲೇ ಬರೆದಿಟ್ಟಿದೆ. ಜನ ಕಡಿಮೆಯಾದ ದಿನ ನಾವೂ ಅದನ್ನು ಮೀರುತ್ತೇವೆ, ಆದರೆ ಮೀರಿದ್ದನ್ನು ದಾಖಲಿಸಬಹುದು. ಇದು ಸ್ವರ್ಗ ಎಂದು ಹೇಳುತ್ತಿಲ್ಲ. 2022ರ ಡಿಸೆಂಬರಿನಲ್ಲಿ ಇದೇ ದೇಶದ ನರ್ಸ್‌ಗಳು ಪಗಾರಕ್ಕಾಗಿ ಮುಷ್ಕರ ಹೂಡಿದ್ದರು. ಹೊಟ್ಟೆಗೆ ಸಾಲದಿದ್ದರೆ ಎಷ್ಟು ನಯವಾಗಿ ಮಾತಾಡಿಸಿದರೂ ಯಾರೂ ನಿಲ್ಲುವುದಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ನಾನು ಮೊದಲು ಸೇರಿದ್ದು ನಮ್ಮ ಜಿಲ್ಲೆಯ ಒಂದು ನರ್ಸಿಂಗ್ ಹೋಂಗೆ. ಸೇರಿದ ದಿನವೇ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಎರಡು ವರ್ಷ ಆದಮ್ಯಾಲೆ ಒಯ್ಯಮ್ಮ" ಅಂದರು. ನಾಳೆಯ ಡ್ಯೂಟಿ ಇವತ್ತು ಸಂಜೆ ಫೋನಿನಲ್ಲಿ ತಿಳಿಯುತ್ತಿತ್ತು. ರಾತ್ರಿ ಇಡೀ ಮಹಡಿಗೆ ನಾನೊಬ್ಬಳೇ. ರೋಗಿಯ ಕಡೆಯವರು ಕುಡಿದು ಬಂದು ಕೂಗಾಡಿದರೆ ಕರೆಯಲು ಕೆಳಗೆ ವಾಚ್‌ಮನ್ ಕೂಡ ಇರುತ್ತಿರಲಿಲ್ಲ. ಬೀಗ ಹಾಕಿದ್ದರಿಂದ ನಾವು ಉಳಿಯಲಿಲ್ಲ. ಕಾರ್ಡು ಕೈಗೆ ಬಂದ ದಿನವೇ ಒಬ್ಬೊಬ್ಬರಾಗಿ ಹೊರಟೆವು.

ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಪಗಾರದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದಿತ್ತು. ಇದನ್ನು ಓದುತ್ತಿರುವ ತಂಗಿಯರು ತಮ್ಮ ಪಗಾರ ಅದರ ಪಕ್ಕಕ್ಕಿಟ್ಟು ನೋಡಲಿ.

ಸರ್ಕಾರಿ ಆಸ್ಪತ್ರೆಗೆ ಸೇರಿದ ನನ್ನ ಗೆಳತಿಯರ ಗೋಳು ಗುತ್ತಿಗೆಯದು. ರಾಯಚೂರಿನ ರಿಮ್ಸ್ ಆಸ್ಪತ್ರೆ ಇರಲಿ, ಓಪೆಕ್ ಆಸ್ಪತ್ರೆ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಪಕ್ಕಪಕ್ಕದಲ್ಲೇ ನಿಂತು ಒಂದೇ ಕೆಲಸ ಮಾಡುವ ಕಾಯಂ ನರ್ಸ್‌ಗೂ ಗುತ್ತಿಗೆಯವಳಿಗೂ ಪಗಾರದಲ್ಲಿ ಅಜಗಜಾಂತರ. ಪ್ರತಿ ವರ್ಷ ಆದೇಶ ನವೀಕರಣವಾಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಯಾರು ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಹಾಕಿ ಬೇರೂರುತ್ತಾರೆ?

ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿಯೇ. ಇಂಗ್ಲೆಂಡ್ ಏಳು ಸಮುದ್ರದಾಚೆಯವರನ್ನು ಕರೆಸಿ, ಅವರ ಒಂಟಿತನ ಕಳೆಯಲು ಜನರನ್ನು ನೇಮಿಸಿ, ಊಟ ವಸತಿ ವಿಚಾರಿಸಿ ಉಳಿಸಿಕೊಳ್ಳಬೇಕು. ನಮ್ಮಲ್ಲಿ ಅದರ ಅರ್ಧದಷ್ಟು ಕಷ್ಟವೂ ಬೇಡ. ಸಂವಿಧಾನದ 371ಜೆ ವಿಧಿ ಬಂದಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಓದಿನಲ್ಲೂ ನೌಕರಿಯಲ್ಲೂ ಮೀಸಲಾತಿ ಇದೆ. ಮಸ್ಕಿಯ ಹುಡುಗಿಗೆ ಮಸ್ಕಿಯಲ್ಲೇ ತವರು, ಭಾಷೆ, ಹೊಲ ಎಲ್ಲವೂ ಇದೆ. "ಊರಾಗ ಕಾಯಂ ಕೆಲಸ ಸಿಕ್ಕರ ನಾ ಯಾಕ ಪರದೇಶಕ್ಕ ಬರ್ಲಿ ಅಕ್ಕಾ" ಎಂದು ಐಇಎಲ್‌ಟಿಎಸ್‌ಗೆ ಓದುತ್ತಿರುವವಳೇ ನನಗೆ ಹೇಳಿದ್ದಾಳೆ. ಅವಳು ಮನಸ್ಸಿನಿಂದ ಆಡಿದ ಮಾತು ಅದು.

ಗುತ್ತಿಗೆ ಪದ್ಧತಿ ಬದಲಿಸುವುದು ಬೆಂಗಳೂರಿನ ಕೆಲಸ, ಅದಕ್ಕೆ ಒತ್ತಾಯ ನಿಲ್ಲಬಾರದು. ಆದರೆ ಬೀರುವಿನಲ್ಲಿರುವ ಮಾರ್ಕ್ಸ್ ಕಾರ್ಡುಗಳನ್ನು ಇವತ್ತೇ ಹಿಂದಿರುಗಿಸಲು, ರಾತ್ರಿಗೆ ಒಬ್ಬ ವಾಚ್‌ಮನ್ ಇಡಲು, ಹೊಸಬರನ್ನು ಮೊದಲ ಮೂರು ತಿಂಗಳು ಹಿರಿಯ ಸಿಸ್ಟರ್ ಜೊತೆ ಹಾಕಲು, ಮುಂದಿನ ತಿಂಗಳ ಡ್ಯೂಟಿ ಲಿಸ್ಟನ್ನು ಈ ತಿಂಗಳ 20ಕ್ಕೇ ಗೋಡೆಗೆ ಅಂಟಿಸಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಸಿಂಧನೂರಿನಲ್ಲಿ ಯಾರಾದರೂ ಒಬ್ಬ ಡಾಕ್ಟರರು ಇಷ್ಟನ್ನು ಒಂದು ವರ್ಷ ನಡೆಸಲಿ. ನನ್ನನ್ನು ಕೇಳುವ ಪ್ರತಿ ತಂಗಿಗೂ ಅಲ್ಲೇ ಕೆಲಸಕ್ಕೆ ಸೇರಿ ಎಂದು ನಾನೇ ಹೇಳುತ್ತೇನೆ.