ಕೆಳಗಿನ ದರ್ಜೆ ಟೀಮು ಗೆದ್ದ ಸೋವಿಯತ್ ಕಪ್, ಸೋತವರ ಹನ್ನೆರಡು ವರ್ಷ

ಸೋವಿಯತ್ ಒಕ್ಕೂಟದ ಫುಟ್ಬಾಲ್ ನಾಕೌಟ್ ಟೂರ್ನಿ ಸೋವಿಯತ್ ಕಪ್, ಅದನ್ನ ಗೆದ್ದ ಟೀಮುಗಳ ಪಟ್ಟಿನ 1936ರಿಂದ 1992ರವರೆಗೆ ಒಂದೊಂದೇ ಸಾಲು ಓದ್ತಾ ಹೋದ್ರೆ ಮೊದಮೊದಲು ಬರೀ ಮಾಸ್ಕೋ ಮಾಸ್ಕೋ ಅಂತಾನೇ ಬರುತ್ತೆ. 1944ರಲ್ಲಿ ಲೆನಿನ್‌ಗ್ರಾಡ್‌ನ ಜೆನಿತ್ ಗೆಲ್ಲೋವರೆಗೂ ಕಪ್ ಮಾಸ್ಕೋ ಬಿಟ್ಟು ಆಚೆ ಹೋಗಿರ್ಲೇ ಇಲ್ಲ, ಅದೂ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರಿಗೆ ಹಾಕಿದ್ದ ಮುತ್ತಿಗೆ ತೆರವಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ ಆಗ. ಆಮೇಲೆ ಕೀವ್, ಡೊನೆಟ್ಸ್ಕ್, ಯೆರೆವಾನ್, ತ್ಬಿಲಿಸಿ ಎಲ್ಲಾ ಬರ್ತಾವೆ. ಆದ್ರೆ 1969ರ ಸಾಲಿಗೆ ಬಂದಾಗ ನಾನು ಪ್ರತಿ ಸಲ ನಿಂತುಬಿಡ್ತೀನಿ. ಕಾರ್ಪಾತಿ ಲ್ವಿವ್, ಉಕ್ರೇನಿನ ಲ್ವಿವ್ ಊರಿನ ಕ್ಲಬ್ಬು. ಆ ವರ್ಷ ಅವ್ರು ಟಾಪ್ ಲೀಗಲ್ಲೇ ಇರ್ಲಿಲ್ಲ! ಅದರ ಕೆಳಗಿನ ದರ್ಜೇಲಿ ಆಡ್ತಿದ್ರು. ಕಪ್ಪಿನ ಇಡೀ ಇತಿಹಾಸದಲ್ಲಿ ಹಾಗೆ ಕೆಳಗಿನಿಂದ ಬಂದು ಗೆದ್ದ ಟೀಮು ಇದೊಂದೇ.

ಕಾರ್ಪಾತಿ ಅಂದ್ರೆ ಅಲ್ಲಿನ ಬೆಟ್ಟಸಾಲಿನ ಹೆಸರು, ಕ್ಲಬ್ಬಿನ ಬಣ್ಣ ಹಸಿರು-ಬಿಳಿ. ಕ್ಲಬ್ ಹುಟ್ಟಿದ್ದೇ 1963ರಲ್ಲಿ, ಅಂದ್ರೆ ಕಪ್ ಗೆದ್ದಾಗ ಆರು ವರ್ಷದ ಕೂಸು. ಆದ್ರೆ ಊರಿಗೆ ಫುಟ್ಬಾಲ್ ಹೊಸದಲ್ಲ. 1894ರಲ್ಲಿ ಆಸ್ಟ್ರಿಯಾ ಆಳ್ವಿಕೆ ಇದ್ದಾಗ ಇದೇ ಊರಲ್ಲಿ ಆರೇ ಆರು ನಿಮಿಷದ ಒಂದು ಮ್ಯಾಚ್ ಆಗಿತ್ತು, ಒಂದು ಗೋಲ್ ಬಿತ್ತು ಮುಗೀತು, ಪೋಲೆಂಡಿನವ್ರು ಇವತ್ತಿಗೂ ತಮ್ಮ ಫುಟ್ಬಾಲ್ ಇತಿಹಾಸ ಶುರು ಮಾಡೋದು ಆ ಆರು ನಿಮಿಷದಿಂದಾನೇ. ಆಸ್ಟ್ರಿಯಾ ಹೋಯ್ತು, ಪೋಲೆಂಡ್ ಬಂತು ಹೋಯ್ತು, ಸೋವಿಯತ್ ಬಂತು, ಊರಿನ ಹೆಸರು ಹೇಳೋ ರೀತಿನೇ ಬದಲಾಯ್ತು, ಆಟ ಮಾತ್ರ ಹೋಗ್ಲಿಲ್ಲ.

ನಾಕೌಟ್ ಅಂದ್ರೆ ನಂಗೆ ಯಾಕಿಷ್ಟು ಹುಚ್ಚು ಅಂತ ಕೇಳಿದ್ರೆ ಇದಕ್ಕೇನೇ. ಲೀಗಲ್ಲಿ ಸಣ್ಣ ಟೀಮು ವರ್ಷಪೂರ್ತಿ ಏಗಬೇಕು, ಎಲ್ಲೋ ಒಂದು ಕಡೆ ಉಸಿರು ಕಟ್ಟುತ್ತೆ. ಕಪ್ಪಲ್ಲಿ ಆ ಒಂದು ದಿನ ಚೆನ್ನಾಗಿ ಆಡಿದ್ರೆ ಸಾಕು, ಎದುರಿಗಿರೋನು ಎಷ್ಟೇ ದೊಡ್ಡೋನಾಗಿರ್ಲಿ ಮನೆಗೆ ಹೋಗ್ತಾನೆ. ಡ್ರಾ ಆದ ಮ್ಯಾಚನ್ನ ಸರದಿ ಮೇಲೆ ಪೆನಾಲ್ಟಿ ಒದ್ದು ತೀರ್ಮಾನಿಸೋ ಶೂಟೌಟ್ ಆಗಿನ್ನೂ ಬಂದಿರ್ಲಿಲ್ಲ, ಅದು ನಿಯಮದ ಪುಸ್ತಕಕ್ಕೆ ಸೇರಿದ್ದು 1970ರಲ್ಲಿ. ಫೈನಲ್ ಡ್ರಾ ಆದ್ರೆ ಮತ್ತೆ ಆಡಬೇಕು, ಅಷ್ಟೇ. (ಈ ನಿಯಮ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.)

1969ರ ಆಗಸ್ಟ್ 17, ಮಾಸ್ಕೋದ ಲುಜ್ನಿಕಿ. ಎದುರಿಗೆ ರಷ್ಯಾದ ರೊಸ್ತೋವ್ ಊರಿನ ಸ್ಕಾ, ಸೈನ್ಯದ ಕ್ಲಬ್ಬು, ಟಾಪ್ ಲೀಗ್ ಟೀಮು. ಲ್ವಿವ್‌ನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದ ಜನ ಸ್ಟೇಡಿಯಮ್ಮಲ್ಲಿ ಕೂತಿದ್ರು. ಮೊದಲು ಗೋಲ್ ಹೊಡೆದಿದ್ದು ರೊಸ್ತೋವ್‌ನ ಜಿಂಚೆಂಕೊ, ಹಾಫ್ ಟೈಮಿಗೆ 0-1. ಕೋಚ್ ಎರ್ನೆಸ್ಟ್ ಯುಸ್ಟ್ ಒಳಗೆ ಹುಡುಗ್ರಿಗೆ ಏನು ಹೇಳಿದ್ರೋ, ಆ ರೂಮಲ್ಲಿ ಒಂದು ಮೂಲೇಲಿ ಇರಬೇಕಿತ್ತು ಅಂತ ಎಷ್ಟೋ ಸಲ ಅನ್ಸಿದೆ ನಂಗೆ. ವಾಪಸ್ ಬಂದು ಸ್ವಲ್ಪ ಹೊತ್ತಿಗೇ ಲಿಖಾಚೊವ್ ಸಮ ಮಾಡ್ದ, ಅದರ ಬೆನ್ನಿಗೇ ಬುಲ್ಗಾಕೊವ್ ಇನ್ನೊಂದು ಹೊಡೆದ. 2-1. ಉಳಿದ ಹೊತ್ತೆಲ್ಲಾ ಹಲ್ಲು ಕಚ್ಚಿ ತಡ್ಕೊಂಡ್ರು. ಸ್ಟ್ಯಾಂಡಿನಿಂದ ಉಕ್ರೇನಿ ಭಾಷೆ ಹಾಡು ಎದ್ದಿತ್ತು ಅಂತ ಲ್ವಿವ್ ಜನ ಇವತ್ತಿಗೂ ಹೇಳ್ತಾರೆ, ಮಾಸ್ಕೋದ ಮಧ್ಯದಲ್ಲಿ ಕೂತು ತಮ್ಮ ಭಾಷೇಲಿ ಗಂಟಲು ಬಿಟ್ಟು ಹಾಡೋದು ಅಂದ್ರೆ ಆ ಕಾಲದಲ್ಲಿ ಬರೀ ಫುಟ್ಬಾಲ್ ವಿಷ್ಯ ಆಗಿರ್ಲಿಲ್ಲ. ಬೆಳ್ಳಿ ಚೌಕಟ್ಟಿನ ಆ ಗಾಜಿನ ಹೂಜಿ ಥರದ ಕಪ್ಪು, ಮುಚ್ಚಳದ ಮೇಲೆ ಪುಟ್ಟ ಆಟಗಾರನ ಬೊಂಬೆ, ಅದನ್ನ ಕ್ಯಾಪ್ಟನ್ ಇಹೋರ್ ಕುಲ್ಚಿತ್ಸ್ಕಿ ಕೈಗೆ ಕೊಟ್ರು.

ಮುಂದಿನ ವರ್ಷ ಕಾರ್ಪಾತಿ ತಮ್ಮ ದರ್ಜೇಲಿ ಮೊದಲು ಬಂದು 1971ಕ್ಕೆ ಟಾಪ್ ಲೀಗಿಗೆ ಹತ್ತಿದ್ರು. ಯುರೋಪಿನ ಒಂದೊಂದು ದೇಶದ ಕಪ್ ಗೆದ್ದವರು ಆಡ್ತಿದ್ದ ಕಪ್ ವಿನ್ನರ್ಸ್ ಕಪ್ಪಲ್ಲಿ ಮಾತ್ರ ಮೊದಲ ಸುತ್ತಲ್ಲೇ ರೊಮೇನಿಯಾದ ಬುಕಾರೆಸ್ಟಿನ ಸ್ತೆವಾ ಎದುರು ಸೋತು ಹೊರಬಿದ್ರು.

ಎಲ್ರೂ ಕಥೆ ಇಲ್ಲಿಗೆ ನಿಲ್ಲಿಸ್ತಾರೆ. ನಂಗೆ ಮಾತ್ರ ಆ ದಿನ ಸೋತ ರೊಸ್ತೋವ್‌ನ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಎರಡೇ ವರ್ಷಕ್ಕೆ, 1971ರಲ್ಲಿ, ಮತ್ತೆ ಫೈನಲ್ಲಿಗೆ ಬಂದ್ರು, ಈ ಸಲ ಎದುರಿಗೆ ಸ್ಪಾರ್ತಕ್ ಮಾಸ್ಕೋ. 2-1 ಮುಂದಿದ್ರು, ರೆಫರಿ ಸೀಟಿ ಊದೋದೊಂದೇ ಬಾಕಿ, ಅಷ್ಟರಲ್ಲಿ ಸ್ಪಾರ್ತಕ್‌ನ ಲೊಗೊಫೆತ್ ಗೋಲ್ ಹೊಡೆದ. ಡ್ರಾ. ನಿಯಮದ ಪುಸ್ತಕಕ್ಕೆ ಶೂಟೌಟ್ ಬಂದಿದ್ರೂ ಈ ಫೈನಲ್ಲಿಗೆ ಇರ್ಲಿಲ್ಲ, ಮರುದಿನವೇ ಮತ್ತೆ ಆಡಬೇಕು, ನಿನ್ನೆ ಕೈಗೆ ಬಂದಿದ್ದು ಜಾರಿದ ನೋವಲ್ಲಿ, ಅದೇ ಸುಸ್ತಾದ ಕಾಲಲ್ಲಿ ಆಡಿ 0-1 ಸೋತ್ರು. ಇದನ್ನ ಓದಿದಾಗೆಲ್ಲಾ ಹೊಟ್ಟೇಲಿ ಒಂಥರಾ ಆಗುತ್ತೆ.

ಅದಾಗಿ ಹತ್ತು ವರ್ಷ. 1981ರ ಮೇ 9, ಎರಡನೇ ಮಹಾಯುದ್ಧದ ಗೆಲುವು ನೆನೆಯೋ ವಿಜಯ ದಿನ, ಮತ್ತೆ ಫೈನಲ್, ಮತ್ತೆ ಅದೇ ಸ್ಪಾರ್ತಕ್. ಹೆಸರಾಂತ ಗೋಲ್‌ಕೀಪರ್ ದಸಾಯೆವ್ ಗೋಲಲ್ಲಿ ನಿಂತಿದ್ದ ಟೀಮು ಅದು. ಸ್ಕೋರ್ 0-0 ಇದ್ದಾಗ ಸ್ಪಾರ್ತಕ್‌ಗೆ ಪೆನಾಲ್ಟಿ ಸಿಕ್ತು, ಮಿರ್ಜೊಯಾನ್ ಒದ್ದ ಬಾಲು ಹೋಗಿ ಕಂಬಕ್ಕೆ ಬಡೀತು. ಆಮೇಲೆ 84ನೇ ನಿಮಿಷದಲ್ಲಿ ಸೆರ್ಗೇಯ್ ಅಂದ್ರೇಯೆವ್ ಗೋಲ್ ಹೊಡೆದ. 1-0. ಹನ್ನೆರಡು ವರ್ಷ, ಮೂರು ಫೈನಲ್, ಕೊನೆಗೂ ಆ ಗಾಜಿನ ಕಪ್ಪು ರೊಸ್ತೋವ್‌ಗೆ ಹೋಯ್ತು.

ಅದೇ ವರ್ಷ ಲೀಗ್ ಮುಗಿಯೋ ಹೊತ್ತಿಗೆ ಸ್ಕಾ ಟಾಪ್ ಲೀಗಿಂದ ಕೆಳಗೆ ಬಿತ್ತು. ಕಪ್ಪು ಗೆದ್ದ ವರ್ಷವೇ! ಆದ್ರೂ ಆ ಸೀಸನ್ನಲ್ಲೇ ಯುರೋಪಿನ ಕಪ್ ವಿನ್ನರ್ಸ್ ಕಪ್ಪಿಗೆ ಹೋಗಿ, ಫ್ರಾಂಕ್‌ಫರ್ಟ್ ಟೀಮನ್ನ ಮನೇಲಿ 1-0 ಸೋಲಿಸಿ, ಜರ್ಮನಿಗೆ ಹೋಗಿ 0-2 ಸೋತು, ಎರಡೂ ಮ್ಯಾಚ್ ಸೇರಿಸಿ 1-2ರಲ್ಲಿ ಹೊರಬಿದ್ದು ವಾಪಸ್ ಬಂದ್ರು.