ಕುಂಡದ ಕಮೇರಾಪ್ಸ್: ಒಂಬತ್ತನೇ ವಾರಕ್ಕೆ ಸುಳಿ ಕದಲಿತು

ಕೊನೆಗೂ ಹೊಸ ಸುಳಿಯ ಮೇಲೆ ಎಳೆದ ಅಳತೆಗೆರೆ ಸರಿದಿದೆ, 6 ಮಿ.ಮೀ.! ಕುಂಡದಲ್ಲಿರುವ ಬೀಸಣಿಗೆ ಎಲೆಯ ಗಿಡ್ಡ ತಾಳೆ ಕಮೇರಾಪ್ಸ್ ಹ್ಯುಮಿಲಿಸ್‌ನ ನಡುಕಾಂಡದ ಸುಳಿ ಕಿತ್ತುಬಂದು ಇದು ಒಂಬತ್ತನೇ ವಾರ. ಕುಂಡ ಬದಲಿಸುವುದು, ಗೊಬ್ಬರ, ಚಳಿಗೆ ಹೊದಿಸುವುದು ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಸುಳಿಯ ವಿಷಯ ಮಾತ್ರ.

ಹೊರಗಿನಿಂದ ಗಿಡ ಹಸಿರಾಗೇ ಇತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸುಳಿ ದೀಪದ ಬತ್ತಿಯ ಹಾಗೆ ಜಾರಿ ಈಚೆ ಬಂತು. ಬುಡದ ಎರಡಂಗುಲ ಕಂದು ಬಣ್ಣ, ಅಂಟಂಟು, ಮೂಗು ಮುಚ್ಚುವಂಥ ನಾತ.

ಈ ಜಾತಿ ಸುಮಾರು −12 ಡಿಗ್ರಿ ತಾಳುತ್ತದೆ ಅನ್ನುವುದು ನೆಲದಲ್ಲಿ ಬೇರೂರಿದ, ಸುಳಿ ಒಣಗಿರುವ ಗಿಡದ ಮಾತು. ಕುಂಡದಲ್ಲಿ ಬೇರಿಗೆ ಸುತ್ತಲಿಂದಲೂ ಚಳಿ ತಗಲುತ್ತದೆ, ಬೆಳವಣಿಗೆ ಬೇಗ ನಿಲ್ಲುತ್ತದೆ. ಬೆಳೆಯುವ ಸುಳಿ ತೊಟ್ಟುಗಳ ನಡುವಿನಿಂದ ಮೇಲೇರುತ್ತಿರುತ್ತದೆ. ನಿಂತ ಸುಳಿಯ ಬುಡದಲ್ಲಿ ನೀರು ವಾರಗಟ್ಟಲೆ ಕೂರುತ್ತದೆ. ಚಳಿಗೆ ಸತ್ತ ಬಿಳಿ ಎಳೆಭಾಗಕ್ಕೆ ಬ್ಯಾಕ್ಟೀರಿಯಾ, ಶಿಲೀಂಧ್ರ ಹತ್ತುವುದು ಆಮೇಲೆ. ಇಟಲಿಯ ಪಾದುವಾದ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಕಮೇರಾಪ್ಸ್ ಇಂದಿಗೂ ಗಾಜಿನ ಮನೆಯೊಳಗಿದೆ. ಅದರ ಸುಳಿಗೆ ಮಳೆ ಬೀಳುವುದಿಲ್ಲ!

ಕೈಗೊಂಡ ಕ್ರಮ ಹೀಗೆ. ಕೊಳೆತದ್ದನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಪೂರ್ತಿ ತೆಗೆದು, 3% ಹೈಡ್ರೋಜನ್ ಪೆರಾಕ್ಸೈಡ್ 10–15 ಮಿ.ಲೀ. ಸುಳಿಗುಂಡಿಗೆ ಸುರಿಯುವುದು. ನೊರೆ ಇಳಿದ ಮೇಲೆ ಕುಂಡವನ್ನು ಓರೆ ಮಾಡಿ ಬಸಿಯುವುದು. ನಾಲ್ಕು ದಿನಕ್ಕೊಮ್ಮೆ, ಮೂರು ಸಲ. ನೊರೆ ಪೂರ್ತಿ ನಿಲ್ಲಲಿ ಎಂದು ಕಾಯಬಾರದು, ಜೀವವಿರುವ ಭಾಗದ ಮೇಲೂ ಅಷ್ಟಿಷ್ಟು ನೊರೆ ಬರುತ್ತದೆ. ಕಡ್ಡಿಯನ್ನು ಮೂಸಿ ನೋಡುವುದೇ ಸರಿಯಾದ ಪರೀಕ್ಷೆ. ನಾತ ಹೋದರೆ ಗೆದ್ದಂತೆ. ಬಳಿಕ ಒಂದೇ ಒಂದು ಸಲ ತಾಮ್ರದ ಶಿಲೀಂಧ್ರನಾಶಕ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂ. ತಾಮ್ರವನ್ನು ಮತ್ತೆ ಮತ್ತೆ ಹಾಕಿದರೆ ಅಲ್ಲೇ ಉಳಿದು ಎಳೆ ಸುಳಿಯನ್ನು ಸುಡುತ್ತದೆ. ಆಮೇಲೆ ಗಿಡ ಸೂರಿನಡಿ, ಬೆಚ್ಚಗಿನ ಬೆಳಕಿಗೆ. ನೀರು ಕುಂಡದ ಅಂಚಿಗೆ ಮಾತ್ರ. ಹಸಿರು ಗರಿಗಳಿಗೆ ಕತ್ತರಿ ತಾಗಿಸಬಾರದು, ಸುಳಿ ಇಲ್ಲದ ಗಿಡಕ್ಕೆ ಅನ್ನ ಅಲ್ಲಿಂದಲೇ.

ಇನ್ನು ಗೆರೆ. ಗುಂಡಿಯೊಳಗೆ ಹೊಸ ತುದಿ ಕಂಡ ದಿನವೇ ಅಳಿಯದ ಶಾಯಿಯಿಂದ ಒಂದು ಅಡ್ಡಗೆರೆ ಎಳೆಯಬೇಕು, ಅರ್ಧ ಸುಳಿಯ ಮೇಲೆ, ಅರ್ಧ ಪಕ್ಕದ ಬಲಿತ ಗರಿಯ ತೊಟ್ಟಿನ ಮೇಲೆ. ಬಲಿತ ತೊಟ್ಟು ಉದ್ದವಾಗುವುದಿಲ್ಲ, ಹಾಗಾಗಿ ಎರಡು ತುಂಡುಗಳ ಅಂತರವೇ ಬೆಳವಣಿಗೆ. ಇದಿಲ್ಲದಿದ್ದರೆ ದಿನಾ ಸುಳಿ ಎಳೆದು ನೋಡುವ ಚಟ ಹತ್ತಿ, ಹಿಡಿದುಕೊಂಡಿರುವ ಸುಳಿಯೂ ಕೈಗೆ ಬರುತ್ತದೆ. ಬೆಚ್ಚಗಿನ ದಿನಗಳಲ್ಲೂ ಗೆರೆ ಮೂರು ವಾರ ಕದಲದಿದ್ದರೆ ಮತ್ತೆ ಅನುಮಾನಪಡಬೇಕು. ಮೊದಲ ಗರಿ ತುದಿ ಕತ್ತರಿಸಿದಂತೆ ಮೊಂಡಾಗಿ, ಕಂದಾಗಿ ಬರುತ್ತದೆ. ಕೊಳೆಯ ಪಕ್ಕದಲ್ಲೇ ಮಡಿಚಿಕೊಂಡಿದ್ದ ಎಲೆ ಅದು, ಹೆದರಬೇಕಾಗಿಲ್ಲ. ನಡುಕಾಂಡ ಹೋಗಿದ್ದರೂ ಬುಡದ ಮರಿಗಿಡಗಳು ಉಳಿಯುತ್ತಿದ್ದವು. ಒಂಟಿ ಕಾಂಡದ ತಾಳೆ ಟ್ರಾಕಿಕಾರ್ಪಸ್‌ಗೆ ಈ ಭಾಗ್ಯವಿಲ್ಲ.

ಮಾರುವವರ ಮೇಲೆ ಸಿಟ್ಟು ಬರುವುದು ಇಲ್ಲೇ. ಬೇರುಂಡೆಯ ನಡುವೆ ಬರೀ ಪೀಟ್ (ನೀರು ಹಿಡಿದಿಡುವ ಜೌಗುಮಣ್ಣು), ಹಿಂಡಿದರೆ ನೀರು ಸುರಿಯುವಷ್ಟು. ಅದರ ಮೇಲೆ ಕಾಂಡವನ್ನು ತೊಟ್ಟಿನ ಬುಡದವರೆಗೆ ಹೂತು ಕಳಿಸುತ್ತಾರೆ. ಚೀಟಿಯಲ್ಲಿ ಮಾತ್ರ "−12" ಎಂದು ದೊಡ್ಡ ಅಕ್ಷರ. ಬಂದ ಗಿಡದ ಕೊರಳಿನ ಮಣ್ಣು ಕೆರೆದು, ಬೆಚ್ಚಗಿನ ಕಾಲದಲ್ಲಿ ಪ್ಯೂಮಿಸ್ (ತೂತುತೂತಾದ ಹಗುರ ಕಲ್ಲು) ಎರಡು ಪಾಲು, ತೊಗಟೆ ಚೂರು ಎರಡು ಪಾಲು, ಕಾಂಪೋಸ್ಟ್ ಒಂದು ಪಾಲಿನ ಮಿಶ್ರಣಕ್ಕೆ ಬದಲಿಸಿದರೇ ನೆಮ್ಮದಿ. ಅಟ್ಲಾಸ್ ಬೆಟ್ಟಗಳ ಬೆಳ್ಳಿಬಣ್ಣದ ತಳಿ ಎಂದು ಹಸಿರು ಸಸಿ ಕೊಡುವವರೂ ಇದ್ದಾರೆ. ತೀರಾ ಎಳೆಯದರಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಬೀಸಣಿಗೆ ಎಲೆ ಬಿಟ್ಟ ಗಿಡವನ್ನೇ ಕೊಳ್ಳಿ.

ಅಂದಹಾಗೆ ಮುಂದಿನದು ಸೂಜಿ ತಾಳೆ, ರಾಪಿಡೋಫಿಲಮ್ ಹಿಸ್ಟ್ರಿಕ್ಸ್, ಅದೂ ಬೀಜದಿಂದ. ಅಮೆರಿಕದ ಆಗ್ನೇಯ ಭಾಗದ ಈ ಗಿಡ್ಡ ಗಿಡ −20ರ ಆಸುಪಾಸನ್ನೂ ತಾಳುತ್ತದೆ. ಮೊಳೆಯಲು ಆರು ತಿಂಗಳಿಂದ ಎರಡು ವರ್ಷ. ಅದರ ಸುಳಿಯ ಸುತ್ತ ಉದ್ದ ಮುಳ್ಳುಗಳ ಬೇಲಿ, ಹತ್ತಿ ಕಡ್ಡಿ ತೂರಿಸುವುದು ಹೇಗೆಂದು ಈಗಲೇ ಯೋಚನೆ.

ಕಮೇರಾಪ್ಸ್‌ಗೆ ಇವತ್ತು ಹೊಸ ಗೆರೆ ಎಳೆದಾಗಿದೆ, ಮುಂದಿನ ಅಳತೆ ಹತ್ತು ದಿನಕ್ಕೆ.