ಬೆಳಕು ಯಾವ ಕಡೆ ಬಾಗುತ್ತದೆ?

2025 ಮಾರ್ಚ್ 16, ಭಾನುವಾರ

ದಿಗಂತದ ಹತ್ತಿರ ಬೆಳಕು ನೇರವಾಗಿ ಬರುವುದಿಲ್ಲ. ಚಪ್ಪಟೆ ಭೂಮಿಯ ವಾದದಲ್ಲಿ ಎರಡೂ ಕಡೆಯವರು ಎಡವುವುದು ಇಲ್ಲೇ.

ಇವತ್ತು ಅಕ್ಕನ ಮಗನ ಜೊತೆ ಇದೇ ಮಾತಾಯಿತು. "ಮಾಮ, ಭೂಮಿ ದುಂಡಗಿದೆ ಅನ್ನೋ ನಿಮ್ಮ ಲೆಕ್ಕದ ಪ್ರಕಾರ ಅಷ್ಟು ದೂರದ ದಡ ಕಾಣಲೇಬಾರದು. ಫೋಟೋದಲ್ಲಿ ಕಾಣ್ತಾ ಇದೆ. ಕೇಳಿದ್ರೆ ವಕ್ರೀಭವನ ಅಂತೀರಿ. ಅದೊಂದು ನೆಪ ಅಲ್ವಾ?" ಅಂದ. ವಕ್ರೀಭವನ ಅಂದರೆ ಗಾಳಿಯಲ್ಲಿ ಸಾಗುವಾಗ ಬೆಳಕು ಬಾಗುವುದು. ನನಗೆ ಸಿಟ್ಟು ಬರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಇಂಥವರನ್ನು ನಕ್ಕು ಓಡಿಸುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಅವನಿಗೆ ಇಂಗ್ಲೆಂಡಿನ ಓಲ್ಡ್ ಬೆಡ್‌ಫರ್ಡ್ ಕಾಲುವೆಯ ಕಥೆ ಹೇಳಿದೆ. 6 ಮೈಲಿ, ಅಂದರೆ ಸುಮಾರು 10 ಕಿ.ಮೀ. ಉದ್ದಕ್ಕೂ ಒಂದೇ ನೇರಕ್ಕೆ ಸಾಗುವ ನೀರು. 1838ರಲ್ಲಿ ಸ್ಯಾಮ್ಯುಯೆಲ್ ರೌಬೊಥಮ್ ಅದರೊಳಗೆ ಇಳಿದು ನಿಂತ. ಅವನ ದೂರದರ್ಶಕ ನೀರಿನಿಂದ ಬರೀ 8 ಅಂಗುಲ ಮೇಲಿತ್ತು. ಬಾವುಟ ಕಟ್ಟಿದ ದೋಣಿ 6 ಮೈಲಿ ದೂರ ಹೋಗುವವರೆಗೂ ಕಂಡಿತು, ಹಾಗಾಗಿ ಭೂಮಿ ಚಪ್ಪಟೆ ಅಂತ ಸಾರಿದ. ಬೆಳಕು ನೇರವಾಗಿ ಬರುತ್ತದೆ ಅಂತ ಇಟ್ಟುಕೊಂಡರೆ, ನೀರಿನಿಂದ 5 ಅಡಿ ಮೇಲಿದ್ದ ಆ ಬಾವುಟ ಅವನ ನೋಟದ ಗೆರೆಗಿಂತ ಸುಮಾರು 11 ಅಡಿ ಕೆಳಗಿರಬೇಕಿತ್ತು.

1870ರಲ್ಲಿ, ಭೂಮಿ ಚಪ್ಪಟೆ ಅಂತ ನಂಬಿದ್ದ ಜಾನ್ ಹ್ಯಾಂಪ್ಡನ್, ನೀರು ಬಾಗಿದೆ ಅಂತ ಯಾರಾದರೂ ತೋರಿಸಲಿ ಅಂತ 500 ಪೌಂಡ್ ಪಂದ್ಯ ಕಟ್ಟಿದ. ಒಪ್ಪಿಕೊಂಡವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಜೀವವಿಕಾಸದ ವಿಚಾರಕ್ಕೆ ಡಾರ್ವಿನ್ ಜೊತೆ ಹೆಸರು ಕೇಳಿಬರುತ್ತಲ್ಲ, ಅದೇ ವಾಲೇಸ್. ಅವನು ಹಿಂದೆ ಸರ್ವೆ ಕೆಲಸ ಮಾಡಿದ್ದವನು. ನೀರಿಗೆ ತಾಗಿಕೊಂಡಿರುವ ಗಾಳಿ ಬೆಳಕನ್ನು ಹೇಗೆ ಕೆಡಿಸುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ಕಾಲುವೆಯಲ್ಲೇ ನೋಟದ ಗೆರೆಯನ್ನು ನೀರಿನಿಂದ ಸುಮಾರು 13 ಅಡಿ ಮೇಲಕ್ಕೆ ಒಯ್ದ. ಒಂದು ತುದಿಯ ಸೇತುವೆಯ ಮೇಲೆ ದೂರದರ್ಶಕ, ಇನ್ನೊಂದು ತುದಿಯ ಸೇತುವೆಗೆ ಅಷ್ಟೇ ಎತ್ತರದಲ್ಲಿ ಕಪ್ಪು ಪಟ್ಟಿ, ನಟ್ಟನಡುವೆ ಕಂಬದ ಮೇಲೆ ಅಷ್ಟೇ ಎತ್ತರದಲ್ಲಿ ಒಂದು ಬಿಲ್ಲೆ. ನೀರು ಚಪ್ಪಟೆಯಾಗಿದ್ದರೆ ಮೂರೂ ಒಂದೇ ಗೆರೆಯಲ್ಲಿ ಕಾಣಬೇಕು. ನಡುವಿನ ಬಿಲ್ಲೆ ಮೇಲಕ್ಕೆ ಎದ್ದು ಕಂಡಿತು. ತೀರ್ಪುಗಾರ ವಾಲೇಸ್ ಗೆದ್ದ ಅಂದ. ಹ್ಯಾಂಪ್ಡನ್ ಒಪ್ಪಲಿಲ್ಲ, ವರ್ಷಗಟ್ಟಲೆ ವಾಲೇಸ್‌ನನ್ನು ಬೈದು ಕಾಡಿದ. ಬುದ್ಧಿವಂತನೊಬ್ಬ ಅಷ್ಟು ನೋವು ತಿಂದದ್ದು ನೆನೆದರೆ ಈಗಲೂ ಬೇಜಾರಾಗುತ್ತದೆ.

ಈಗ ವಕ್ರೀಭವನಕ್ಕೆ ಬರೋಣ. ನೆಲದ ಹತ್ತಿರ ಗಾಳಿ ದಟ್ಟ, ಮೇಲೆ ಹೋದಂತೆ ತೆಳು. ಬೆಳಕು ದಟ್ಟ ಗಾಳಿಯ ಕಡೆಗೆ, ಅಂದರೆ ಸಾಮಾನ್ಯವಾಗಿ ಕೆಳಕ್ಕೆ, ಬಾಗುತ್ತದೆ. ಭೂಮಿ ಬಾಗುವುದೂ ಅದೇ ಕಡೆಗೆ. ಹಾಗಾಗಿ ದಿಗಂತದಾಚೆ ಮರೆಯಾಗಬೇಕಾದದ್ದು ಒಂದಿಷ್ಟು ಮೇಲೆ ಬಂದು ಕಾಣುತ್ತದೆ. ಎಷ್ಟು ಅಂತಲೂ ಗೊತ್ತಿದೆ. ಮಾಮೂಲಿ ಗಾಳಿಯಲ್ಲಿ ಬೆಳಕಿನ ಬಾಗು ಭೂಮಿಯ ಬಾಗಿನ ಏಳನೇ ಒಂದು ಭಾಗದಷ್ಟು. ಕೆಳಗೆ ತಣ್ಣಗಿದ್ದು ಮೇಲೆ ಬೆಚ್ಚಗಿದ್ದರೆ ಇದು ಹೆಚ್ಚುತ್ತದೆ. 100 ಮೀಟರ್ ಮೇಲೇರಿದರೆ ಸುಮಾರು 11 ಡಿಗ್ರಿ ಸೆಲ್ಸಿಯಸ್ ಬಿಸಿ ಏರುವಂಥ ಗಾಳಿ ಸಿಕ್ಕರೆ, ಬೆಳಕು ಭೂಮಿಯ ಬಾಗನ್ನೇ ಅನುಸರಿಸಿ ಸಾಗುತ್ತದೆ. ತಣ್ಣನೆಯ ನೀರಿನ ಮೇಲೆ, ಸ್ವಲ್ಪ ಎತ್ತರದವರೆಗೆ, ಇಂಥ ಗಾಳಿ ಅಪರೂಪವೇನಲ್ಲ. ರೌಬೊಥಮ್‌ಗೆ ಬಾವುಟ ಕಂಡದ್ದೂ ಹೀಗೆಯೇ ಇರಬೇಕು. 1597ರ ಜನವರಿಯಲ್ಲಿ ಆರ್ಕ್ಟಿಕ್‌ನ ನೊವಾಯಾ ಝೆಮ್ಲ್ಯಾ ದ್ವೀಪದ ಹಿಮದಲ್ಲಿ ಸಿಕ್ಕಿಬಿದ್ದಿದ್ದ ಡಚ್ ನಾವಿಕ ವಿಲ್ಲೆಮ್ ಬ್ಯಾರೆಂಟ್ಸ್‌ನ ಜೊತೆಗಾರರಿಗೆ, ಧ್ರುವದ ಉದ್ದನೆಯ ಚಳಿಗಾಲದ ಕತ್ತಲೆ ಮುಗಿದು ಬರಬೇಕಾದ ದಿನಕ್ಕಿಂತ ಸುಮಾರು ಎರಡು ವಾರ ಮೊದಲೇ ಸೂರ್ಯ ಕಂಡದ್ದೂ ಈ ತರದ ಬಾಗಿನಿಂದಲೇ.

ನಮ್ಮ ಕಡೆಯವರ ತಪ್ಪು ಏನೆಂದರೆ, ಗಾಳಿಯೇ ಇಲ್ಲ ಅನ್ನೋ ಹಾಗೆ ಲೆಕ್ಕ ಹಾಕಿ "ಕಾಣಲೇಬಾರದು" ಅಂದುಬಿಡುತ್ತಾರೆ. ಕಂಡಾಗ ಬಾಯಿ ಕಟ್ಟುತ್ತದೆ. ಆಮೇಲೆ ವಕ್ರೀಭವನ ತಂದರೆ ನೆಪ ಅಂತ ಅನಿಸದೆ ಇರುತ್ತಾ?

ಆದರೆ ಚಪ್ಪಟೆ ಭೂಮಿಯವರಿಗೆ ಇದಕ್ಕಿಂತ ದೊಡ್ಡ ತೊಡಕಿದೆ. ಹಡಗಿನ ಕೆಳಭಾಗ ಯಾಕೆ ಮರೆಯಾಗುತ್ತದೆ, ಸೂರ್ಯ ಯಾಕೆ ಮುಳುಗುತ್ತಾನೆ ಅಂದರೆ ಅವರೂ ವಕ್ರೀಭವನವನ್ನೇ ಹೇಳುತ್ತಾರೆ. ಅದಕ್ಕೆ ಬೆಳಕು ಮೇಲಕ್ಕೆ ಬಾಗಬೇಕು. ಕಾದ ರಸ್ತೆಯ ಮೇಲೆ ಬಿಸಿಲುಗುದುರೆ ಕಾಣುವಾಗ ಹಾಗೆ ಬಾಗುವುದು ನಿಜ, ಆದರೆ ನೆಲಕ್ಕಂಟಿದ ತೆಳು ಪದರದಲ್ಲಿ ಮಾತ್ರ. ಇಡೀ ವಾತಾವರಣದಲ್ಲಿ, ದಿನವೂ ಹಾಗಾಗಬೇಕಾದರೆ ಗಾಳಿ ಮೇಲೆ ದಟ್ಟವಾಗಿ ಕೆಳಗೆ ತೆಳುವಾಗಿರಬೇಕು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಹಿಡಿದು ಬೆಟ್ಟ ಹತ್ತಿದ ಯಾರೂ ಇದನ್ನು ಒಪ್ಪಲಾರರು.

ಸೂರ್ಯನನ್ನೇ ನೋಡಿ. ದಿಗಂತದಲ್ಲಿ ವಕ್ರೀಭವನ ಸುಮಾರು 0.57 ಡಿಗ್ರಿ ಎತ್ತುತ್ತದೆ. ಸೂರ್ಯನ ಅಗಲವೇ 0.53 ಡಿಗ್ರಿ. ಕೆಳಂಚು ನೀರಿಗೆ ತಾಗಿದ ಹಾಗೆ ಕಾಣುವ ಹೊತ್ತಿಗೆ, ಗಾಳಿ ಇಲ್ಲದಿದ್ದರೆ, ಸೂರ್ಯ ಪೂರ್ತಿ ಮುಳುಗಿಯೇ ಇರುತ್ತಿದ್ದ. ಕೆಳಂಚನ್ನು ಮೇಲಂಚಿಗಿಂತ ಜಾಸ್ತಿ ಎತ್ತುವುದರಿಂದ ಬಿಂಬ ಮೇಲಿಂದ ಅಮುಕಿದ ಹಾಗಿರುತ್ತದೆ. ಅಗಲ ಮಾತ್ರ ಮಧ್ಯಾಹ್ನ ಇದ್ದಷ್ಟೇ. ಚಪ್ಪಟೆ ಭೂಮಿಯವರು ಹೇಳುವ ಹಾಗೆ ಸೂರ್ಯ ಕೆಲವೇ ಸಾವಿರ ಕಿ.ಮೀ. ಮೇಲೆ ಸುತ್ತುತ್ತಾ ದೂರ ಸರಿಯುತ್ತಿದ್ದರೆ, ಸಂಜೆಗೆ ಅರ್ಧಕ್ಕಿಂತ ಚಿಕ್ಕದಾಗಿ ಕಾಣಬೇಕಿತ್ತು.

ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಸರಿ, ನಾನೇ ಅಳೀತೀನಿ" ಅಂದ. ನನಗೆ ಬೇಕಿದ್ದದ್ದೂ ಅದೇ. ಸೌರ ಫಿಲ್ಟರ್ ಇಲ್ಲದೆ ಕ್ಯಾಮೆರಾ ಸೂರ್ಯನ ಕಡೆ ತಿರುಗಿಸಬೇಡ, ಕಣ್ಣು ಹೋಗುತ್ತೆ ಅಂತ ಎಚ್ಚರಿಸಿದೆ. ಮಧ್ಯಾಹ್ನಕ್ಕೂ ಸಂಜೆಗೂ ಒಂದೇ ಝೂಮ್ ಇಡಬೇಕು, ಬಿಂಬವನ್ನು ಅಡ್ಡಕ್ಕೆ ಅಳೆಯಬೇಕು. ದೂರದ ದಡದ ಫೋಟೋ ತೆಗೆದರೆ ಕ್ಯಾಮೆರಾ ನೀರಿನಿಂದ ಎಷ್ಟು ಎತ್ತರದಲ್ಲಿತ್ತು, ನೀರು ಎಷ್ಟು ತಣ್ಣಗಿತ್ತು, ಗಾಳಿ ಎಷ್ಟು ಬೆಚ್ಚಗಿತ್ತು ಅಂತ ಜೊತೆಗೇ ಬರೆದಿಡಬೇಕು. ಅದಿಲ್ಲದ ಫೋಟೋದಿಂದ ಅವನೂ ಏನೂ ಸಾಧಿಸಲಾರ, ನಾನೂ ಸಾಧಿಸಲಾರೆ.